ಮಾಯಣ್ಣ ಪುನರ್ವಸುವಿಗೆ ಬಿತ್ತಿದ್ದು

ದಂಡಿನಶಿವರದ ಪಕ್ಕದ ನಮ್ಮ ಹಳ್ಳಿಯಲ್ಲಿ ಮಳೆ ತಡವಾದರೆ ತೆಂಗಿನ ತೋಟ ಇದ್ದವರಿಗೆ ಬರೀ ತಲೆಬಿಸಿ, ಇಲ್ಲದವರಿಗೆ ಊಟದ ಚಿಂತೆ. ಮಾಯಣ್ಣನಿಗೆ ತೋಟವಿತ್ತು, ಜೊತೆಗೆ ಒಂದು ರಾಗಿ ಹೊಲವೂ ಇತ್ತು. ಅವನ ತಂಗಿ ಗಂಗಕ್ಕನಿಗೆ ಇದ್ದದ್ದು ಒಂದು ತುಂಡು ಕೆಮ್ಮಣ್ಣಿನ ಹೊಲ. ಗಂಡ ತೀರಿಕೊಂಡ ಮೇಲೆ ಅವಳೂ ಇಬ್ಬರು ಮಕ್ಕಳೂ ಅದರ ರಾಗಿಯನ್ನೇ ನಂಬಿದ್ದರು.

ಬಿತ್ತುವ ಕಾಲಕ್ಕೆ ಊರೆಲ್ಲ ಮಾಯಣ್ಣನ ಬಾಯಿ ನೋಡುತ್ತಿತ್ತು. ಮಳೆ ನಿಂತ ಮೇಲೆ ಅವನು ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು, ಮಣ್ಣು ಕೆದಕಿ, ತೇವ ಎಷ್ಟು ಆಳಕ್ಕೆ ಇಳಿದಿದೆ ಎಂದು ಕೈಯಿಟ್ಟು ನೋಡುವನು. ಗೇಣುದ್ದ ಇಳಿದಿದ್ದರೆ "ಹದ ಆಗೈತೆ, ಬಿತ್ರಪ್ಪ." ಕಮ್ಮಿಯಿದ್ದರೆ "ತಡೀರಿ." ಪಂಚಾಂಗ ಏನೇ ಹೇಳಲಿ, ಅವನಿಗೆ ಅದು ಎರಡನೆಯ ಮಾತು.

ಎಂಬತ್ತರ ಸುಮಾರಿನಲ್ಲಿ ಒಂದು ವರ್ಷ ಪುನರ್ವಸು ಮಳೆ ಮೇಲುಮೇಲೆ ಉದುರಿ ಹೋಯಿತು. ಮಾಯಣ್ಣ ತಡೀರಿ ಎಂದ. ಅರ್ಧ ಊರು ಕೇಳದೆ ಬಿತ್ತಿತು. ಗಂಗಕ್ಕ ಕೇಳಿದಳು. ಆಮೇಲೆ ಹದವಾಗುವಷ್ಟು ಮಳೆ ಬರಲೇ ಇಲ್ಲ. ಆಗೊಮ್ಮೆ ಈಗೊಮ್ಮೆ ಹಿಡಿದ ಸೋನೆ ಬಿತ್ತಿದವರ ಪೈರಿನ ಜೀವ ಉಳಿಸಿತು. ತಿಂಗಳು ಕಳೆದು ಮಖೆ ಮಳೆ ಸುರಿದಾಗ ಅವು ಎದ್ದು ನಿಂತವು, ಗಂಗಕ್ಕನಿಗೆ ಮಾತ್ರ ರಾಗಿಯ ಕಾಲ ಮುಗಿದಿತ್ತು. ಅವಳು ಹುರುಳಿ ಚೆಲ್ಲಿದಳು. ಅಣ್ಣ ಸಂತೆಯಿಂದ ತಂದ ರಾಗಿಯನ್ನು ಮುಟ್ಟಲಿಲ್ಲ. "ಹೊಲ ಇರೋಳು ಇಸ್ಕಂಡು ತಿನ್ನಲ್ಲ" ಅಂದಳು. ಆ ವರ್ಷ ಅವಳ ಮಕ್ಕಳು ಹುರುಳಿ ತಿಂದೇ ಸೊರಗಿದರು, ಮಾಯಣ್ಣ ಅದನ್ನು ನೋಡಿ ಸೊರಗಿದ.

ಮರುವರ್ಷವೂ ಪುನರ್ವಸು ಹಾಗೇ ಹನಿಸಿತು. ಮಾಯಣ್ಣ ಹೊಲದ ಕಡೆ ತಲೆ ಹಾಕದೆ ಕಾಯಿ ಸುಲಿಯುತ್ತ ಕೂತ. ಗಂಗಕ್ಕ ಬಂದಳು. ನಮ್ಮದು ಪಕ್ಕದ ಮನೆ; ಹಿತ್ತಲ ಬೇಲಿಯ ಈಚೆ ನಾನಿದ್ದೆ, ಮಾತೆಲ್ಲ ಕೇಳಿಸಿತು.

"ಅಣ್ಣ, ಮಣ್ಣು ನೋಡ್ಬಾ."

"ಹೋದ್ಸಲ ನನ್ ಮಾತು ಕೇಳಿ ಕೆಟ್ಟಿದ್ದು ಸಾಲ್ದೇನೇ?"

"ನಿನ್ನ ಕೇಳ್ದೆ ಇನ್ಯಾರ್ನ ಕೇಳ್ಲಿ?"

ಅವನು ಎದ್ದು ಹೋಗಿ ನೋಡಿದ. ತೇವ ನಾಲ್ಕು ಬೆರಳೂ ಇಳಿದಿರಲಿಲ್ಲ. ವಾಪಸು ಬಂದು ಕೈಯ ಮಣ್ಣು ಕೊಡವಿ ಹೇಳಿದ: "ನೀನು ತಡಿ. ನಾನು ಇವತ್ತೇ ಬಿತ್ತೀನಿ. ನನ್ ಮಾತು ಸುಳ್ಳಾಗಿ ನಿಂಗೆ ಬೆಳೆ ತಪ್ಪಿದ್ರೆ ನನ್ ಹೊಲದ ರಾಗಿ ನಿಂದು. ದಾನ ಅಲ್ಲ ಕಣೇ, ನನಗೆ ನಾನೇ ಹಾಕ್ಕಂಡ ದಂಡ."

ಹದವಿಲ್ಲ ಎಂದು ಗೊತ್ತಿದ್ದೂ ಅವನು ಬಿತ್ತಿದ. ಮೊಳಕೆ ಬಂತು, ಬಿಸಿಲು ಹೊಡೆಯಿತು, ಸೋನೆಯೂ ಇಲ್ಲದೆ ಎಲ್ಲ ಸೀದುಹೋಯಿತು. ಅದರ ಹಿಂದೆ ಬಂದ ಪುಷ್ಯ ಮಳೆಯ ಕೊನೆಗೆ ಭೂಮಿ ತಣಿಯುವ ಹಾಗೆ ಸುರಿಯಿತು, ಗಂಗಕ್ಕ ಬಿತ್ತಿದಳು. ಮಾಯಣ್ಣನ ಮನೆಯಲ್ಲಿ ಬಿತ್ತನೆ ರಾಗಿ ಉಳಿದಿರಲಿಲ್ಲ, ಅವನ ಹೊಲ ಬೀಳಾಗಿಯೇ ಉಳಿಯಿತು.

ಅರಳಿಕಟ್ಟೆಯಲ್ಲಿ ನಮ್ಮೂರಿನ ಕೆಂಚಪ್ಪ ಅವನನ್ನು ಆಡಿಕೊಳ್ಳದೆ ಬಿಡಲಿಲ್ಲ. "ಏನ್ಲಾ, ಊರಿಗೆಲ್ಲ ಹದ ಹೇಳ್ತಿದ್ದೋನು ನೀನೇ ಒಣನೆಲಕ್ಕೆ ಬೀಜ ಸುರಿದ್ಯಲ್ಲ!" ಎಲ್ಲರೂ ನಕ್ಕರು. ನಿಜ ಗೊತ್ತಿದ್ದ ನಾನು ಬಾಯಿ ಬಿಡಲು ಹೋದೆ. ಮಾಯಣ್ಣ ಕಣ್ಣಲ್ಲೇ ತಡೆದ.

ಸುಗ್ಗಿಯಲ್ಲಿ ಗಂಗಕ್ಕ ಹೊಸ ರಾಗಿಯ ಮುದ್ದೆ ಕಟ್ಟಿ ಅಣ್ಣನ ಮುಂದೆ ತಂದಿಟ್ಟಳು. ಬಿಸಿ ಆವಿ ಏಳುತ್ತಿತ್ತು. ಅವಳಿಗೆ ಅಳು ತಡೆಯಲಾಗಲಿಲ್ಲ.

"ನಿನ್ ಹೊಲ ಹೋಯ್ತಲ್ಲಣ್ಣ."

"ಹೋಗ್ಲಿ ಬುಡೇ. ಅದು ಬಂದು ನಿಂದು ಹೋಗಿದ್ರೆ ನಿನ್ ಮಕ್ಳ ಮುಖ ಹೆಂಗೆ ನೋಡ್ತಿದ್ದೆ?" ಎಂದು ಮಾಯಣ್ಣ ಮುದ್ದೆ ಮುರಿದ.