ಬೀದಿದೀಪದವನ ಅರ್ಧ ಗಂಟೆ ಆಕಾಶ

ಬೀದಿದೀಪದವನಿಗೆ ಗುತ್ತಿಗೆದಾರ ಆರು ತಿಂಗಳ ಕೂಲಿ ಇನ್ನೂ ಕೊಡಬೇಕು. ಕಚೇರಿಯೆದುರು ಕೂತು ಅವನ ಜೊತೆ ಕೆಲಸದವರು ನಾವೆಲ್ಲ ಗಂಟಲು ಹರಿದುಕೊಂಡ ಮೇಲೆ ಆ ಮಹಾರಾಯ ಕೊಟ್ಟದ್ದು ದುಡ್ಡಲ್ಲ, ತನ್ನ ಮಗ ಆಡಿ ಬಿಸಾಕಿದ್ದ ಹಳೇ ಕ್ಯಾಮೆರಾ. ಹಸಿದವನ ಕೈಗೆ ಹಲ್ಲುಕಡ್ಡಿ ಇಟ್ಟ ಹಾಗೆ. ಅದನ್ನು ಮಾರಲು ಹೊರಟವನನ್ನು ತಡೆದವಳು ಹೆಂಡತಿ.

ಬಟ್ಟೆ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೂಲಿನ ದೂಳು ಕುಡಿದು ಅವಳ ಶ್ವಾಸಕೋಶ ಸೋತಿತ್ತು. ಕಿಟಕಿಯಿಲ್ಲದ ಒಳಕೋಣೆಯಲ್ಲಿ, ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಮಲಗಿರುತ್ತಿದ್ದಳು. ಒಮ್ಮೆ ಅವಳನ್ನು ಎತ್ತಿಕೊಂಡು ತಾರಸಿಗೆ ಹೊರಟಿದ್ದ. ಅರ್ಧ ಮೆಟ್ಟಿಲಿಗೇ ತುಟಿ ನೀಲಿಯಾಗಿ ವಾಪಸು ಇಳಿಸಬೇಕಾಯಿತು.

"ಮದುವೆಯಾದ ಹೊಸದರಲ್ಲಿ ಮೇಲೆ ಮಲಗ್ತಿದ್ವಲ್ಲ, ಆ ಆಕಾಶ ಒಂದ್ಸಲ ನೋಡ್ಬೇಕು ರೀ. ನಾನಂತೂ ಹತ್ತಲ್ಲ. ಅದನ್ನೇ ಇಳಿಸ್ಕೊಂಡು ಬನ್ನಿ."

"ನಕ್ಷತ್ರ ಏನು ಬಲ್ಬಾ, ಏಣಿ ಹಾಕಿ ಬಿಚ್ಕೊಂಡು ಬರೋಕೆ?"

"ಊರಿಗೆಲ್ಲ ದೀಪ ಹಾಕ್ತೀರ. ನನಗಿಷ್ಟು ಮಾಡೋಕಾಗಲ್ವಾ?"

ಮೂಲೆ ಸ್ಟುಡಿಯೋದವನು ಪಾಠ ಹೇಳಿಕೊಟ್ಟ. ಮೂರು ಕಾಲಿನ ಸ್ಟ್ಯಾಂಡ್ ಬೇಕೇ ಬೇಕು. ಫೋಕಸ್ಸನ್ನು ಕ್ಯಾಮೆರಾಕ್ಕೇ ಬಿಟ್ಟರೆ ಕತ್ತಲಲ್ಲಿ ತಡಕಾಡುತ್ತದೆ. ದೊಡ್ಡ ನಕ್ಷತ್ರವೊಂದು ಸಣ್ಣ ಚುಕ್ಕಿಯಾಗುವ ತನಕ ಕೈಯಲ್ಲೇ ತಿರುಗಿಸಬೇಕು. ಕ್ಯಾಮೆರಾದ ಕಣ್ಣು ಅರ್ಧ ಗಂಟೆ ತೆರೆದೇ ಇದ್ದರೆ, ನಕ್ಷತ್ರಗಳು ನಡೆದ ದಾರಿಯೆಲ್ಲ ಗೆರೆಗೆರೆಯಾಗಿ ಬರುತ್ತದೆ.

ಕೆಲವೇ ಕ್ಷಣ ಕಣ್ಣು ತೆರೆದು ತೆಗೆದ ಮೊದಲ ಚಿತ್ರಗಳೂ ಊರ ದೀಪಗಳ ಬೆಳಕಿಗೆ ಹಾಲು ಚೆಲ್ಲಿದಂತೆ ಬೆಳ್ಳಗೆ. ಅವಳನ್ನು ಬಿಟ್ಟು ಊರಾಚೆ ಹೋಗುವಂತಿರಲಿಲ್ಲ. ಮನೆ ಮುಂದಿನ ಬೀದಿದೀಪಕ್ಕೆ ರಟ್ಟಿನ ಮರೆ ಕಟ್ಟಿದ. ಸುತ್ತಲಿನ ತಾರಸಿಗಳ ದೀಪಕ್ಕೆ ಏನು ಕಟ್ಟುವುದು? ಅರ್ಧ ಗಂಟೆ ಆರಿಸಿ ಎಂದು ಮನೆಮನೆ ಬಾಗಿಲು ತಟ್ಟಿದ.

"ಕಳ್ಳ ಬಂದ್ರೆ ನಿನ್ನ ನಕ್ಷತ್ರ ಹಿಡ್ಕೊಡುತ್ತೇನಪ್ಪಾ?" ಎಂದರು ಎದುರುಮನೆಯ ನಿವೃತ್ತ ಮೇಷ್ಟ್ರು.

"ಹೆಂಡ್ತಿ ಹಾಸಿಗೆ ಹಿಡಿದಿದ್ದಾಳೆ, ಇವನಿಗೆ ಫೋಟೋ ಹುಚ್ಚು," ಎಂದಳು ಪಕ್ಕದ ಮನೆಯಾಕೆ, ಅವನಿಗೆ ಕೇಳಿಸುವ ಹಾಗೆಯೇ.

ಒಬ್ಬರೂ ಆರಿಸಲಿಲ್ಲ.

ಒಂದು ಸಂಜೆ ಕತ್ತಲಾಗುತ್ತಲೇ ಇಡೀ ಬಡಾವಣೆಯ ಕರೆಂಟು ಹೋಯಿತು. ಜನ ಬೈದುಕೊಂಡರು. ಅವನು ಒಳಕೋಣೆಗೆ ಓಡಿದ. ಆಮ್ಲಜನಕದ ಯಂತ್ರವೂ ನಿಂತಿತ್ತು. ನಳಿಕೆಯನ್ನು ಸಿಲಿಂಡರಿಗೆ ಸಿಕ್ಕಿಸಿ ಅಲ್ಲೇ ಕುಕ್ಕರಿಸಿದವನನ್ನು ಅವಳೇ ತಳ್ಳಿದಳು. "ನಾನೆಲ್ಲೂ ಓಡಿಹೋಗಲ್ಲ. ಕರೆಂಟು ಬರೋದ್ರೊಳಗೆ ಹೋಗಿ ರೀ."

ಮೇಲೆ ಅವನಿಗೆ ಮರೆತೇಹೋಗಿದ್ದ ಆಕಾಶವಿತ್ತು. ಕ್ಯಾಮೆರಾದ ಕಣ್ಣು ತೆರೆದ, ಅರ್ಧ ಗಂಟೆ ಅಲುಗದೆ ಕೂತ, ಮುಚ್ಚಿದ. ಪರದೆ ಕಪ್ಪಗೇ ಉಳಿಯಿತು. ಕೆಂಪು ಚುಕ್ಕಿಯೊಂದು ಉರಿಯುತ್ತಿತ್ತು. ಯಾವ ಗುಂಡಿ ಒತ್ತಿದರೂ ಮಿಸುಕಲಿಲ್ಲ. ಅವನ ಕಸುಬಿನಲ್ಲಿ ಮೊದಲು ಕಲಿಯುವ ರಿಪೇರಿ ಒಂದೇ: ನಿಂತದ್ದರ ಫ್ಯೂಸ್ ಕಿತ್ತು ಮತ್ತೆ ಹಾಕು. ಬ್ಯಾಟರಿ ಕಿತ್ತ, ಹಾಕಿದ. ಕ್ಯಾಮೆರಾ ಎದ್ದಿತು. ಚಿತ್ರ ಇರಲಿಲ್ಲ. ಅಷ್ಟರಲ್ಲಿ ಕರೆಂಟು ಬಂದು ತಾರಸಿಗಳೆಲ್ಲ ಹಲ್ಲು ಕಿರಿದವು.

"ಬಂತಾ?" ಅಂದಳು.

"ಬಂತು ಕಣೇ. ಪ್ರಿಂಟ್ ಹಾಕಿಸಿ ತರ್ತೀನಿ."

ಮರುದಿನ ಸ್ಟುಡಿಯೋದವನು ಹಣೆ ಚಚ್ಚಿಕೊಂಡ. "ಅದು ಕೆಟ್ಟಿರ್ಲಿಲ್ಲಣ್ಣ, ಅಷ್ಟು ಹೊತ್ತು ತೆಗೆದ ಚಿತ್ರದಲ್ಲಿ ಬೀಳೋ ಚುಕ್ಕಿ ಕಲೆಗಳನ್ನ ತಾನೇ ತೊಳೀತಿತ್ತು. ತೆಗೆಯೋಕೆ ಹಿಡಿದಷ್ಟೇ ಹೊತ್ತು ತೊಳೆಯೋಕೂ ಬೇಕು, ನಡುವೆ ಬ್ಯಾಟರಿ ಕಿತ್ರೆ ಚಿತ್ರವೇ ಹೋಗುತ್ತೆ. ನನ್ನ ಬಾಯಿಗೆ ಮಣ್ಣು ಹಾಕ, ನಾನೇ ಹೇಳ್ಲಿಲ್ಲ."

ದೀಪ ಆರಿಸಿ ಎಂದು ಅವನು ಮತ್ತೆ ಮನೆಮನೆ ಬಾಗಿಲು ತಟ್ಟಿದ. ಈ ಸಲ ಬಾಗಿಲೇ ತೆರೆಯಲಿಲ್ಲ. ಅವಳು ದಿನಾ ಪ್ರಿಂಟ್ ಕೇಳಿದಳು, ಅವನು ದಿನಾ ನಾಳೆ ಎಂದ. ವಾರದೊಳಗೆ ಕೇಳುವುದನ್ನು ಬಿಟ್ಟಳು. ಆಮೇಲೆ ಉಸಿರನ್ನೂ ಬಿಟ್ಟಳು.

ಸಾವಿಗೆ ಬೀದಿಗೆ ಬೀದಿಯೇ ಬಂತು. ಮೇಷ್ಟ್ರು ಅವನ ಭುಜ ಹಿಡಿದು, "ಏನು ಬೇಕಿದ್ರೂ ಸಂಕೋಚ ಇಲ್ದೆ ಕೇಳಪ್ಪಾ," ಎಂದರು. ಅವನು ಅವರ ಮುಖ ನೋಡಿದ. ಏನೂ ಕೇಳಲಿಲ್ಲ.

ಅವನು ಕೇಳುವುದಿಲ್ಲ, ನಾನು ಕೇಳುತ್ತೇನೆ. ನಿಮ್ಮ ತಾರಸಿ ಮೇಲೆ ಈಗ ಯಾರಿದ್ದಾರೆ? ಯಾರೂ ಇಲ್ಲದಿದ್ದರೆ ಆ ದೀಪ ಯಾರಿಗಾಗಿ ಉರಿಯುತ್ತಿದೆ? ಇದನ್ನು ಕೆಳಗಿಡಿ. ಎದ್ದು ಹೋಗಿ ಆರಿಸಿ.