ಭಾವನ ಮೊದಲ ತಪ್ಪು

ನನ್ನ ಭಾವ ಬಡಗಿ. ಅಕ್ಕನನ್ನು ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವರ ಬಾಯಿಂದ ‘ತಪ್ಪಾಯಿತು’ ಎಂಬ ಮಾತು ಬಂದದ್ದನ್ನು ಯಾರೂ ಕೇಳಿಲ್ಲ. ಬೀರುವಿನ ಬಾಗಿಲು ಸರಿಯಾಗಿ ಕೂರದಿದ್ದರೆ ಗೋಡೆ ಸೊಟ್ಟ. ಮೇಜು ಅಲುಗಾಡಿದರೆ ನೆಲ ಸರಿಯಿಲ್ಲ. ಶಾಲೆಯ ಅರ್ಜಿಯಲ್ಲಿ ಮಗಳ ವಯಸ್ಸನ್ನೇ ತಪ್ಪು ಬರೆದು ಬಂದು ಪೆನ್ನನ್ನು ಬೈದ ಮಹಾನುಭಾವ.

ಪ್ಲೈವುಡ್ ಮೇಲೆ ಅಂಟಿಸುವ ಲ್ಯಾಮಿನೇಟ್ ಹಾಳೆಗಳ ಅಂಗಡಿಯವರು ಒಂದು ಸ್ಪರ್ಧೆ ಇಟ್ಟರು. ಹಾಳೆಯನ್ನು ಹೊಸ ಬಗೆಯಲ್ಲಿ ಬಳಸಿ ಏನಾದರೂ ಮಾಡಬೇಕು. ಗೆದ್ದವರಿಗೆ ವರ್ಷವಿಡೀ ಅಂಗಡಿಯ ಕೆಲಸ. ಭಾವ ಮೂರು ತಿಂಗಳಿಂದ ಕೆಲಸವಿಲ್ಲದೆ ಅಡುಗೆಮನೆಯ ಕಪಾಟುಗಳನ್ನೇ ಬಿಚ್ಚಿ ಬಿಚ್ಚಿ ಜೋಡಿಸುತ್ತಿದ್ದರು. ಅಕ್ಕನಿಗೆ ಸಾಕುಸಾಕಾಗಿತ್ತು.

“ಗೆದ್ದು ಬನ್ನಿ. ಇಲ್ಲಾಂದ್ರೆ ಮನೆಯಲ್ಲಿ ಒಂದು ತಿರುಪೂ ಉಳಿಯಲ್ಲ” ಎಂದಳು.

ಭಾವ ಬೆಂಚು ಮಾಡಿದರು. ತೇಗದ ಚಿತ್ರ ಅಚ್ಚಾದ ಉದ್ದನೆಯ ಹಾಳೆಯನ್ನು ಬಿಸಿಗಾಳಿಗೆ ಹಿಡಿದು ಮೆತ್ತಗಾಗಿಸಿ, ಬೆನ್ನಿನಿಂದ ಕೂರುವ ಜಾಗದವರೆಗೆ ಎಲ್ಲೂ ಸಂದಿಲ್ಲದಂತೆ ಬಗ್ಗಿಸಿದರು. ಅಂಟಿಸುವಾಗ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಆ ಅಂಟು ಒಮ್ಮೆ ಹಿಡಿದರೆ ಮುಗಿಯಿತು, ಕೂದಲೆಳೆಯಷ್ಟೂ ಸರಿಸಲು ಬಿಡುವುದಿಲ್ಲ. ಅಂಚುಗಳನ್ನು ಉಜ್ಜಿ ಉಜ್ಜಿ ಕೊನೆಗೆ ಒಳಗಿನ ಪ್ಲೈವುಡ್‌ನ ಸುಳಿವೇ ಸಿಗದಂತೆ ಮಾಡಿದರು.

ಪ್ರದರ್ಶನದ ದಿನ ನಾನೂ ಅಕ್ಕನೂ ಜೊತೆಗೆ ಹೋಗಿದ್ದೆವು. ತೀರ್ಪು ಕೊಡಲು ಬಂದ ಮೇಡಂ ಬೆಂಚನ್ನು ತಟ್ಟಿದರು, ಸವರಿದರು.

“ಕೆಲಸ ತುಂಬಾ ಚೆನ್ನಾಗಿದೆ. ಆದ್ರೆ ಇದು ಅಪ್ಪಟ ತೇಗ. ಸ್ಪರ್ಧೆ ಲ್ಯಾಮಿನೇಟ್‌ಗೆ ಮಾತ್ರ. ಪಕ್ಕಕ್ಕಿಡಿ.”

ಭಾವ ಮೊದಲು ಹಿಗ್ಗಿದರು. ಆಮೇಲೆ ಮಾತಿನ ಅರ್ಥ ತಲೆಗೆ ಹೋಗಿ ಮುಖ ಬಿಳುಚಿಕೊಂಡಿತು.

“ಅಲ್ಲ ಮೇಡಂ, ಹಾಳೆನೇ!” ಎನ್ನುತ್ತಾ ಉಳಿ ತೆಗೆದು ಮೂಲೆ ಎಬ್ಬಿಸಲು ಹೋದರು. ಉಳಿಗೆ ಸಂದು ಸಿಕ್ಕರಲ್ಲವೇ! ಅವರ ಅಚ್ಚುಕಟ್ಟೇ ಅವರ ಕಾಲಿಗೆ ತೊಡರಿಕೊಂಡಿತ್ತು. ಈ ಮನುಷ್ಯ ಇನ್ನೊಂಚೂರು ಕೆಟ್ಟದಾಗಿ ಮಾಡಬಾರದಿತ್ತೇ ಎಂದು ನನಗೆ ಸಿಟ್ಟೇ ಬಂತು.

ಆಗ ಅಕ್ಕ ಮುಂದೆ ಬಂದಳು. “ಮೇಡಂ, ಬೆನ್ನಿನ ಮೇಲೆ ಈ ಗಂಟು ನೋಡಿ. ಈಗ ಕೂರೋ ಜಾಗದಲ್ಲಿ ಇದನ್ನ ನೋಡಿ. ಅದೇ ಗಂಟು, ಪಕ್ಕದಲ್ಲಿ ಅದೇ ಗೆರೆ. ಮರದಲ್ಲಿ ಎಲ್ಲಾದ್ರೂ ಹೀಗೆ ಬರುತ್ತಾ?”

ನಿಜ. ಹಾಳೆಯಲ್ಲಿ ಅಚ್ಚಾದ ಚಿತ್ರ ಒಂದಷ್ಟು ದೂರಕ್ಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕೆಲಸ ಬಲ್ಲವರು ಎರಡನೆಯ ಗಂಟು ಕಣ್ಣಿಗೆ ಬೀಳದಂತೆ ಅಳೆದು ಕತ್ತರಿಸುತ್ತಾರೆ.

ಮೇಡಂಗೆ ಇನ್ನೂ ಅನುಮಾನ. “ಇಷ್ಟು ನಾಜೂಕಾಗಿ ಮಾಡೋರು ಇದನ್ನ ಹೀಗೆ ಬಿಡ್ತಾರಾ? ಮರದ ಮೇಲೆ ಬೇಕಂತ ಬಣ್ಣದಲ್ಲಿ ಬರೆದಿರಬೇಕು.”

ಭಾವ ಆ ಗಂಟನ್ನೇ ದಿಟ್ಟಿಸಿದರು. ಹಾಳೆಯನ್ನು ಬೈಯೋಣವೆಂದರೆ ಅದನ್ನು ಮಾರಿದವರು ಎದುರಿಗೇ ನಿಂತಿದ್ದರು, ಸ್ಪರ್ಧೆಯೂ ಅವರದೇ. ಹಣೆಯ ಬೆವರು ಒರೆಸಿಕೊಂಡರು.

“ಇಲ್ಲ ಮೇಡಂ. ಅಳತೆ ನೋಡ್ದೆ ಕತ್ತರಿಸಿಬಿಟ್ಟೆ. ತಪ್ಪು ನಂದೇ.”

ಮೇಡಂ ನಕ್ಕುಬಿಟ್ಟರು. ಬೆಂಚು ಗೆದ್ದಿತು, ಕೆಲಸ ಸಿಕ್ಕಿತು. ಖುಷಿಗೆ ನನ್ನ ಕಣ್ಣು ತುಂಬಿ ಬಂತು. ಅಕ್ಕ ಮಾತ್ರ ಗೆದ್ದ ಬೆಂಚಿನ ಕಡೆ ತಿರುಗಿಯೂ ನೋಡದೆ ಭಾವನ ತೋಳು ಹಿಡಿದುಕೊಂಡಳು.

“ರೀ, ಆಗ್ಲೇ ಏನೋ ಅಂದ್ರಲ್ಲ, ಇನ್ನೊಂದ್ಸಲ ಹೇಳಿ.”

“ಅದು ಮೇಡಂಗೆ ಹೇಳಿದ್ದು” ಎಂದರು ಭಾವ.