ಚಂದಯ್ಯ ಶೆಟ್ಟರ ಪಕ್ಕದಲ್ಲಿ

ಹೆಮ್ಮಾಡಿಯ ಚಂದಯ್ಯ ಶೆಟ್ಟರು ೧೯೫೬ರಲ್ಲಿ ಬೊಂಬಾಯಿಯ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದರು. ಹಾಲು ತರಲು ಹೋದಾಗ ಅವರು ಸೈಕಲ್ ಓಡಿಸುವ ವೇಗ ನೋಡಿ, ಸೈಕಲ್ ಕಂಪೆನಿಯೊಂದು ಸಂಬಳ ಕೊಟ್ಟು ರೇಸಿಗೆ ಇಳಿಸಿತು. ಒಂಬತ್ತು ವರ್ಷ ಘಟ್ಟ ಹತ್ತಿ ಇಳಿದರು, ಏಳು ಕಪ್ ಗೆದ್ದರು. ಮೊಣಕಾಲು ಹಟ ಹಿಡಿದ ಮೇಲೆ ಊರಿಗೆ, ಅಕ್ಕ ಕುಸುಮಾವತಿಯ ಮನೆಗೆ ಬಂದುಬಿಟ್ಟರು. ಮದುವೆ ಆಗಿರಲಿಲ್ಲ.

ಊರು ಅವರನ್ನು ತಲೆಯ ಮೇಲೆ ಹೊತ್ತು ಕುಣಿಯಿತು. ಗೋವರ್ಧನನ ಚಾ ಅಂಗಡಿಯ ಗೋಡೆಗೆ ಅವರ ಫೋಟೋ ಬಂತು. ಮದುವೆಮನೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಅವರಿಗೇ. ರೇಸಿಗೆ ಆಗದ ಮೊಣಕಾಲು ಊರಿನ ರಸ್ತೆಗೆ ಸಾಕಾಗುತ್ತಿತ್ತು. ದಿನಾ ಬೆಳಿಗ್ಗೆ ಬೈಂದೂರಿನವರೆಗೆ ಹೋಗಿ ಬರುತ್ತಿದ್ದರು.

ನಮ್ಮ ಕಡೆ ದೊಡ್ಡವರು ಎದುರಾದರೆ ಸೈಕಲಿನಿಂದ ಇಳಿಯುವುದು ಮರ್ಯಾದೆ. ಶೆಟ್ಟರನ್ನು ಕಂಡರೆ ಎಲ್ಲರೂ ಇಳಿಯುತ್ತಿದ್ದರು. ಶಾಲೆ ಮಾಸ್ತರನಾದ ನಾನೂ ಇಳಿಯುತ್ತಿದ್ದೆ. ಇಳಿದು, ಅವರು ದಾಟುವವರೆಗೆ ನಿಂತು, ದೊಡ್ಡ ಕೆಲಸ ಮಾಡಿದವನ ಹಾಗೆ ಮತ್ತೆ ಹತ್ತುತ್ತಿದ್ದೆ. ಆ ಮನುಷ್ಯನಿಗೆ ಏನನಿಸುತ್ತಿರಬಹುದು ಎಂದು ಒಂದು ದಿನವೂ ಯೋಚಿಸಿದವನಲ್ಲ.

ಇಳಿಯದೇ ಇದ್ದವನು ಸೂರ ಒಬ್ಬನೇ. ಬೀಜಾಡಿಯವನು, ಮರವಂತೆಯ ಹೆಂಡತಿ ಮನೆಗೆ ಹೊಸದಾಗಿ ಬಂದು, ಬೈಂದೂರಿಗೆ ಸೈಕಲಿನಲ್ಲಿ ಮೀನು ಒಯ್ಯುತ್ತಿದ್ದ. ಶೆಟ್ಟರು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

"ಹ್ವಾಯ್, ಒಬ್ರೇ ಎಂತಕ್ಕೆ? ಮಾತಾಡ್ಕಂಡ್ ಹೋಪ, ಬನಿ" ಎಂದು ಮೊದಲ ದಿನವೇ ಪಕ್ಕಕ್ಕೆ ಬಂದನಂತೆ. ಎಂಟು ತಿಂಗಳು ಇಬ್ಬರೂ ಅಕ್ಕಪಕ್ಕದಲ್ಲೇ ಹೋದರು. ಶೆಟ್ಟರು ಹೆಸರು ಹೇಳಲಿಲ್ಲ. ಆ ದಿನಗಳಲ್ಲಿ ಅವರು ಗಟ್ಟಿಯಾಗಿ ನಗುವುದನ್ನು ನಾನೇ ಕೇಳಿದ್ದೇನೆ.

ಒಂದು ದಿನ ಸೂರ ಗೋವರ್ಧನನ ಅಂಗಡಿಗೆ ಚಾ ಕುಡಿಯಲು ಬಂದ. ಫೋಟೋ ನೋಡಿದ, ಕೇಳಿದ. ಗೋವರ್ಧನ ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದ. ಮರುದಿನ ಶೆಟ್ಟರನ್ನು ಕಂಡಕೂಡಲೇ ಸೂರ ಕೆಳಗಿಳಿದು ನಿಂತ.

"ಹತ್ತ್ ಮಾರಾಯಾ" ಎಂದರು ಶೆಟ್ಟರು.

"ಮೀನ್ ಬುಟ್ಟಿ ಕಟ್ಕಂಡ್ ನಿಮ್ ಬದಿಗೆ ಬಪ್ಪುದಾ? ಇಷ್ಟ್ ದಿನ ಗೊತ್ತಿಲ್ದೆ ಬಂದೆ, ತಪ್ಪಾಯ್ತ್. ನೀವ್ ಮುಂದೆ ಹೋಯ್ನಿ."

ಎಷ್ಟು ಬೇಡಿದರೂ ಅವನು ಹತ್ತಲಿಲ್ಲ. ಇದನ್ನು ಶೆಟ್ಟರು ಆ ಸಂಜೆ ನಮ್ಮ ಮನೆಗೆ ಬಂದು ಹೇಳಿದರು. ನಾನು ಅವರಿಗೆ ಅಷ್ಟು ಹತ್ತಿರದವನೇನೂ ಅಲ್ಲ. ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ, ಅಷ್ಟೇ.

"ಬೊಂಬಾಯಲ್ ನಲ್ವತ್ ಜನ ಒಟ್ಟಿಗೆ ಹೋಪುದ್, ಮಾಸ್ಟ್ರೇ. ಬದಿಯವನ ಉಸ್ರ್ ಕೇಂತಿತ್ತ್. ಕಪ್ ಯಾರಿಗ್ ಬೇಕ್? ನಂಗೆ ಅದ್ ಬೇಕ್. ನಾಳೆ ನಿಮ್ ಸೈಕಲ್ ತಕಂಡ್ ಬನಿ, ಬೈಂದೂರಿಗ್ ಹೋಯ್ ಬಪ್ಪ."

ನನಗೆ ಕಣ್ಣು ತುಂಬಿ ಬಂತು. ಖಂಡಿತ ಬರುತ್ತೇನೆ ಎಂದೆ. ಹೋದೆ ಕೂಡ. ಇಳಿಯಲಿಲ್ಲ.

ಆದರೆ ಅವರ ಸರಿಸಮ ಹೋಗಲು ಕಾಲು ಕೇಳಬೇಕಲ್ಲ! ಒಂದು ಮಾರು ಹಿಂದೆಯೇ ಉಳಿದೆ. ಶೆಟ್ಟರು ತಿರುಗಿ ನೋಡಿ ನಿಧಾನ ಮಾಡಿದರು. ನಾನೂ ನಿಧಾನ ಮಾಡಿದೆ. ಇನ್ನೂ ನಿಧಾನ ಮಾಡಿದರು. ನಾನು ಬ್ರೇಕ್ ಹಿಡಿದೆ. ಮರವಂತೆಯ ಕಡಲಬದಿಯಲ್ಲಿ ಒಮ್ಮೆ ಪಕ್ಕದ ಜಾಗ ತೋರಿಸಿ ಕೈಯಲ್ಲೇ ಕರೆದರು.

"ಇರ್ಲಿ ಶೆಟ್ರೇ, ನಾ ಇಲ್ಲೇ ಬತ್ತೆ" ಎಂದೆ, ಬಹಳ ವಿನಯದಿಂದ.

ಅಲ್ಲಿಂದ ಬೈಂದೂರಿನವರೆಗೆ ಅವರು ಮತ್ತೆ ಹಿಂದೆ ತಿರುಗಲಿಲ್ಲ.